ಬಾಗಿಲ ಮ್ಯಾಲ ಬರೆದಿದ್ದ ನಾಳೆ ಬಾ

ಮೊನ್ನೆ ಅಕ್ಕನ ಮಗ ಮೊಬೈಲ್‌ನ್ಯಾಗ ಸ್ತ್ರೀ ಪಿಚ್ಚರ್ ನೋಡ್ಕೊಂತ ಬಿದ್ದು ಬಿದ್ದು ನಗಾಕತ್ತಿದ್ದ. ದೆವ್ವದ ಪಿಚ್ಚರ್ ನೋಡಿ ನಗ್ತಿಯಲ್ಲೋ ಅಂತ ನಾನೂ ಬಾಜೂಕ ಕುಂತೆ. 2018ರ ಹಿಂದಿ ಪಿಚ್ಚರ್ ಅದು, ಅದರಾಗ ಊರ ಮಂದಿ ಗ್ವಾಡಿ ಮ್ಯಾಲ ಸ್ತ್ರೀ ನಾಳೆ ಬಾ ಅಂತ ಬರೆದಿರ್ತಾರ. ಅಲ್ಲೋ ತಮ್ಮಾ, ಇದು ನಮ್ಮದು ಅಂದೆ!

ಅಂವಗ ಏನ್ ಗೊತ್ತು. 90ರ ದಶಕದಾಗ ನಮ್ಮ ಗಂಗಾವತಿ ಓಣಿಯೊಳಗ ನಾಳೆ ಬಾ ಅಂತ ಬರೀಲಾರದ ಬಾಗಿಲ ಇರಲಿಲ್ಲ. ದೆವ್ವ ರಾತ್ರಿ ಬಂದು ಮನಿಯವರ ದನಿಯೊಳಗ ಕರೀತೈತಿ, ಓ ಅಂದು ಬಾಗಿಲ ತೆಗೆದ್ರ ಮುಗೀತು, ಬರೆದಿದ್ರ ಓದ್ಕೊಂಡು ವಾಪಸ್ ಹೋಗ್ತೈತಿ, ಮರುದಿನ ಬಂದ್ರ ಮತ್ತ ನಾಳೆ. ಅಪ್ಪ ರೈಸ್ ಮಿಲ್‌ನ್ಯಾಗ ಕೆಲಸಕ್ಕಿದ್ದ, ಸುಗ್ಗಿ ಟೈಮಿನ್ಯಾಗ ನಡುರಾತ್ರಿ ಬರ್ತಿದ್ದ. ಒಂದಿನ ಕರೆಂಟ್ ಇಲ್ಲ, ಅಪ್ಪ ಹೊರಗ ನಿಂತು ಕರೀತಾನ, ಅವ್ವ ನಮ್ಮಿಬ್ಬರನ್ನೂ ತಬ್ಬಿಕೊಂಡು ಕುಂತಾಳ, ತೆಗಿಯವಲ್ಲಳು. ಕಡೀಗೆ ಒಳಗಿಂದಾನ ಕೇಳಿದಳು, ನಮ್ಮ ಕರುವಿನ ಹೆಸರೇನು ಹೇಳ್ರಿ ಅಂತ. ಅಪ್ಪ ಗೌರಿ ಅಂದ. ಆಮ್ಯಾಲ ಚಿಲಕ ತೆಗೆದಳು, ಆದ್ರ ಕೈ ನಡುಗೋದು ನಿಂತಿರಲಿಲ್ಲ.

ಅವತ್ತಿನ ಅಂಜಿಕಿ ಯಾವ ಪಿಚ್ಚರ್‌ನ್ಯಾಗ ಸಿಗ್ತದ ಅಂತ ಆಗಿಂದ ಹುಡುಕಾಕತ್ತೀನಿ.

1979ರ ನಾ ನಿನ್ನ ಬಿಡಲಾರೆ ಟಿವಿಯೊಳಗ ನೋಡಿದ್ದು, ಹೆಸರಿನ್ಯಾಗ ಎಲ್ಲಾ ಐತಿ, ದೆವ್ವಕ್ಕ ಒಂದು ಆಸೆ ಇತ್ತು ಅದಕ್ಕ ಬಿಡಲಿಲ್ಲ. ಮೂವತ್ತು ವರ್ಷ ಆದ್ಮ್ಯಾಲ 2009ರಾಗ ತೆಲುಗು ಅರುಂಧತಿ ಬಂತು. ಸುತ್ತಮುತ್ತ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪ್ ಇರೋದಕ್ಕ ನಮ್ಮ ಕಡೆ ತೆಲುಗು ಪಿಚ್ಚರ್‌ಗೂ ಟಾಕೀಸ್ ತುಂಬ್ತಾವು, ಅರುಂಧತಿಯೊಳಗೂ ದೆವ್ವ ಆದ ಪಶುಪತಿ ಅದನ್ನ ಅಂತಾನ, ನಿನ್ನ ಬಿಡಾಂಗಿಲ್ಲ ಅಂತ! ನಡುವ 2004ರಾಗ ಆಪ್ತಮಿತ್ರ. ನಾಗವಲ್ಲಿ ದೆವ್ವ ಅಲ್ಲ ಮನಸ್ಸಿನ ರೋಗ ಅಂತ ವಿಷ್ಣುವರ್ಧನ್ ಬಿಡಿಸಿ ಹೇಳಿದ್ರೂ ನನ್ನ ಅಂಜಿಕಿ ಹೋಗಲಿಲ್ಲ, ಯಾಕಂದ್ರ ಪಿಚ್ಚರ್ ರಿಲೀಸ್ ಆಗೋ ಮೊದಲ ನಾಗವಲ್ಲಿ ಆಗಿ ನಟಿಸಿದ್ದ ಸೌಂದರ್ಯ ತೀರಿಕೊಂಡಿದ್ರು, ಪರದೆ ಮ್ಯಾಲ ಆಕಿ ಕಣ್ಣು ನೋಡ್ತಿದ್ರ ಹೊಟ್ಟ್ಯಾಗ ಸಂಕಟ ಆಗ್ತಿತ್ತು. 2013ರಾಗ 6-5=2, ಟ್ರೆಕ್ಕಿಂಗ್ ಹೋದವರ ಕ್ಯಾಮೆರಾದಾಗ ಸಿಕ್ಕ ವಿಡಿಯೋ ಅನ್ನೋ ಹಂಗ ತೆಗೆದದ್ದು, ದೊಡ್ಡ ಸ್ಟಾರ್ ಇಲ್ಲದನ ಓಡ್ತು.

ಈಗೆಲ್ಲಾ ಹಾರರ್ ಕಾಮಿಡಿ, ಥಿಯೇಟರ್ ತುಂಬ್ತಾವು, ಸಂತೋಷ. ಆದ್ರ ಸಡನ್ನಾಗಿ ಸೌಂಡ್ ಕೊಟ್ಟು ಬೆಚ್ಚಿಬೀಳಿಸೋದು ಅಂಜಿಸೋದಲ್ಲ, ಪಟಾಕಿಗೂ ಬೆಚ್ಚಿಬೀಳ್ತೀವಿ.

ನನಗ ಬೇಕಾಗಿರೋದು ಇಷ್ಟ. ಕರೆಂಟ್ ಹೋದ ಓಣಿ, ಒಳಗ ಒಬ್ಬಾಕಿ ತಾಯಿ, ಹೊರಗ ಗಂಡನ ದನಿ, ಕರುವಿನ ಹೆಸರು. ಮ್ಯೂಸಿಕ್ ಬ್ಯಾಡ. ಯಾರರ ನಮ್ಮ ಕಡಿ ಹುಡುಗರು ಮಾಡ್ರಿ, ಫಸ್ಟ್ ಶೋಗೆ ಅವ್ವನ್ನ ಕರ್ಕೊಂಡ ಬರ್ತೀನಿ.