ಬೊಂಬೆ ಕದಲುವ ಮೊದಲೇ ಖರ್ಚಾಗುವ ಹಣ

ಜೇಡಿಮಣ್ಣು, ಬೊಂಬೆ, ಪುಟ್ಟ ಸೆಟ್ಟುಗಳನ್ನು ಕಂಡು ಸ್ಟಾಪ್ ಮೋಷನ್ (ಬೊಂಬೆಯನ್ನು ತುಸುತುಸುವೇ ಕದಲಿಸಿ, ಒಂದೊಂದೇ ಫ್ರೇಮಾಗಿ ಚಿತ್ರ ತೆಗೆದು ಚಲನೆ ಮೂಡಿಸುವ ಅನಿಮೇಷನ್) ಕಡಿಮೆ ಖರ್ಚಿನ ಕಲೆಯೆಂದು ಭಾವಿಸುವವರು ಅನೇಕರಿದ್ದಾರೆ. ವಾಸ್ತವದಲ್ಲಿ ಅದರ ಬಜೆಟ್ಟಿನ ಸಿಂಹಪಾಲು ಸಂಬಳಕ್ಕೆ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮುಗಳಿರುವಾಗ, ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮುಗಳಿಗೆ ಉಳಿಸಿಕೊಂಡರೂ ಬೊಂಬೆಯನ್ನು 12 ಸಲ ಕದಲಿಸಲೇಬೇಕು. ಪಾತ್ರವೊಂದು ಲೋಟವನ್ನೆತ್ತಿ ತುಟಿಗೆ ತರುವ ಎರಡು ಸೆಕೆಂಡಿನ ಶಾಟ್‌ಗಾಗಿ ಬೆರಳು, ಮಣಿಕಟ್ಟು, ಭುಜ, ಕಣ್ಣರೆಪ್ಪೆಗಳನ್ನು ಕೂದಲೆಳೆಯಷ್ಟೇ ಸರಿಸುತ್ತಾ ಕೂತವರಿಗೆ ದಿನವೇ ಕಳೆದುಹೋಗಬಹುದು. ನಡುವೆ ಯಾರದೋ ಮೊಣಕೈ ಸೆಟ್ಟಿಗೆ ತಾಗಿದರೆ ಅಷ್ಟೂ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಹಣ ಹೂಡುವವರ ಅಳುಕಿಗೆ ಕಾರಣ ಈ ನಿಧಾನವೊಂದೇ ಅಲ್ಲ. ಬೊಂಬೆಯೊಳಗಿನ ಲೋಹದ ಅಸ್ಥಿಪಂಜರ, ಉಡುಪು, ಭಾವಕ್ಕೆ ತಕ್ಕಂತೆ ಬದಲಿಸುವ ಮುಖಗಳು ಚಿತ್ರೀಕರಣಕ್ಕೆ ಮೊದಲೇ ಸಿದ್ಧವಿರಬೇಕಾದ್ದರಿಂದ, ತೋರಿಸಲು ಒಂದು ದೃಶ್ಯವೂ ಇಲ್ಲದಿರುವಾಗಲೇ ದೊಡ್ಡ ಮೊತ್ತ ಕೈಬಿಟ್ಟು ಹೋಗಿರುತ್ತದೆ. ಹೀಗಾಗಿ, ಎಷ್ಟೇ ಸೊಗಸಾದ ಚಿತ್ರಕಥೆಗಿಂತಲೂ ಒಂದು ನಿಮಿಷದ ಪರೀಕ್ಷಾ ತುಣುಕೇ ಹೂಡಿಕೆದಾರರನ್ನು ಒಪ್ಪಿಸುತ್ತದೆ ಎಂಬುದು ನನ್ನ ನಂಬಿಕೆ. ಆ ತುಣುಕಿಗೆ ಬೇಕಾದ ಹಣವನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಮಾತ್ರ ಸಾಮಾನ್ಯವಾಗಿ ನಿರ್ದೇಶಕರ ಜೇಬೇ ಉತ್ತರ.

ಅಮೆರಿಕದ ಲೈಕಾ ಸ್ಟುಡಿಯೊಗೆ ನೈಕಿಯ ಸಹಸಂಸ್ಥಾಪಕ ಫಿಲ್ ನೈಟ್ ಅವರೇ ಮಾಲೀಕರಾಗಿದ್ದರಿಂದ, ಒಂದು ಚಿತ್ರ ನಷ್ಟ ಕಂಡರೂ ಮುಂದಿನದನ್ನು ಕೈಗೆತ್ತಿಕೊಳ್ಳುವ ತಾಳ್ಮೆ ಅದಕ್ಕೆ ಸಾಧ್ಯವಾಯಿತು. ಅಂಥ ಆಸರೆ ಎಲ್ಲರಿಗೂ ಸಿಗುವುದಿಲ್ಲ. ಗಿಲೆರ್ಮೊ ಡೆಲ್ ಟೊರೊ ಅವರಂಥ ಹೆಸರಾಂತ ನಿರ್ದೇಶಕರ 'ಪಿನೋಕಿಯೊ' ಕೂಡ ವರ್ಷಗಟ್ಟಲೆ ಹಣವಿಲ್ಲದೆ ನಿಂತಿದ್ದು, 2018ರಲ್ಲಿ ನೆಟ್‌ಫ್ಲಿಕ್ಸ್ ಮುಂದೆ ಬಂದ ಮೇಲೆಯೇ ಜೀವ ಪಡೆದು 2022ರಲ್ಲಿ ತೆರೆ ಕಂಡಿತು. 'ಅನೋಮಲೀಸಾ' ತಂಡವು 2012ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ದೇಣಿಗೆ ಜಾಲತಾಣದ ಮೂಲಕ ಸಾರ್ವಜನಿಕರಿಂದ 4 ಲಕ್ಷ ಡಾಲರ್‌ಗೂ ತುಸು ಹೆಚ್ಚು ಸಂಗ್ರಹಿಸಿತಾದರೂ, ಅದು ಪೂರ್ಣಪ್ರಮಾಣದ ಚಿತ್ರವಾಗಲು ಬೇರೆ ಹೂಡಿಕೆದಾರರೂ ಬೇಕಾದರು. ಜನರ ದೇಣಿಗೆಯು ಚಿತ್ರವನ್ನು ಮುಗಿಸುವುದಕ್ಕಿಂತ, ನೋಡುಗರಿದ್ದಾರೆ ಎಂದು ಸಾಬೀತುಪಡಿಸುವುದಕ್ಕೇ ಹೆಚ್ಚು ನೆರವಾಗುತ್ತದೆ.

ಯುರೋಪಿನಲ್ಲಿ ಎರಡು ಮೂರು ದೇಶಗಳ ಸಿನಿಮಾ ನಿಧಿಗಳನ್ನೂ ಟಿವಿ ವಾಹಿನಿಗಳ ಮುಂಗಡವನ್ನೂ ಕೂಡಿಸುವ ಸಹನಿರ್ಮಾಣವೇ ರೂಢಿ. ತಾನು ಕೊಟ್ಟ ಹಣ ತನ್ನ ನೆಲದಲ್ಲೇ ಖರ್ಚಾಗಬೇಕೆಂದು ಇಂಥ ನಿಧಿಗಳು ಅನೇಕ ವೇಳೆ ಷರತ್ತು ಹಾಕುವುದರಿಂದ, ಬೊಂಬೆಗಳು ಒಂದೆಡೆ ತಯಾರಾಗಿ ಚಿತ್ರೀಕರಣ ಇನ್ನೊಂದೆಡೆ ನಡೆಯಬೇಕಾಗಬಹುದು. ಇದು ಕಲೆಯ ದೃಷ್ಟಿಯಿಂದ ಅನುಕೂಲಕರವಲ್ಲ, ಆದರೆ ಸ್ವತಂತ್ರ ನಿರ್ಮಾಪಕರಿಗೆ ಇದಕ್ಕಿಂತ ಭದ್ರವಾದ ಮಾರ್ಗ ನನಗಂತೂ ಕಾಣುತ್ತಿಲ್ಲ. ಎರಡು ಚಿತ್ರಗಳ ನಡುವಿನ ಬರಗಾಲದಲ್ಲಿ, ನುರಿತ ಕೆಲಸಗಾರರು ಚದುರಿಹೋಗದಂತೆ ಅವರ ಸಂಬಳವನ್ನು ಹೊಂದಿಸಿಕೊಡುವವು ಬಹುಮಟ್ಟಿಗೆ 30 ಸೆಕೆಂಡಿನ ಜಾಹೀರಾತುಗಳೇ.