ಗುರುವಾರದ ಸಂಗೀತಗಾರರು

2025 ಏಪ್ರಿಲ್ 14, ಸೋಮವಾರ
ಆರ್ಲಿಂಗ್ಟನ್, ವರ್ಜೀನಿಯಾ

ಬೆನ್ ಎಲ್ಡ್ರಿಜ್ ತೀರಿಕೊಂಡು ಇವತ್ತಿಗೆ ಒಂದು ವರ್ಷ. ಬ್ಲೂಗ್ರಾಸ್ ಸಂಗೀತದಲ್ಲಿ ಬ್ಯಾಂಜೊ ಅನ್ನೋ ತಂತಿವಾದ್ಯ ನುಡಿಸುತ್ತಿದ್ದರು, 85 ವರ್ಷ ಬದುಕಿದ್ದರು. ಊರಲ್ಲಿರುವ ಗೆಳೆಯರಿಗೆ ಈ ಹೆಸರು ಗೊತ್ತಿರಲ್ಲ, ಬ್ಲೂಗ್ರಾಸ್ ಅಂದರೇನು ಅಂತಲೇ ಕೇಳುತ್ತಾರೆ. ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಆಳೆತ್ತರದ ಬೇಸ್, ಡ್ರಮ್ ಮಾತ್ರ ಇಲ್ಲ. ಅಪಲೇಷಿಯನ್ ಬೆಟ್ಟಗಳಿಂದ ಕೆಲಸ ಹುಡುಕಿಕೊಂಡು ವಾಷಿಂಗ್ಟನ್, ಬಾಲ್ಟಿಮೋರ್ ಕಡೆ ಬಂದ ಜನರ ಜೊತೆ ಈ ಹಾಡುಗಳೂ ಇಲ್ಲಿಗೆ ಬಂದವು.

1971ರಲ್ಲಿ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ಬೆನ್ ಅವರ ಮನೆ ಬೇಸ್‌ಮೆಂಟಿನಲ್ಲಿ ಒಂದಷ್ಟು ಜನ ಸೇರಿ ಸುಮ್ನೆ ನುಡಿಸುತ್ತಿದ್ದರು. ಅದೇ ಮುಂದೆ 'ಸೆಲ್ಡಮ್ ಸೀನ್' ಬ್ಯಾಂಡ್ ಆಯಿತು. ಯಾರೂ ಕೆಲಸ ಬಿಡಲಿಲ್ಲ. ಬೆನ್ ಗಣಿತಜ್ಞ, ಹಾಡುಗಾರ ಜಾನ್ ಸ್ಟಾರ್ಲಿಂಗ್ ಕಿವಿ-ಮೂಗು-ಗಂಟಲಿನ ಡಾಕ್ಟರು, ಮೈಕ್ ಆಲ್ಡ್ರಿಜ್ ಪತ್ರಿಕೆಯೊಂದರಲ್ಲಿ ಕಲಾವಿದ, ಬೇಸ್ ನುಡಿಸುತ್ತಿದ್ದ ಟಾಮ್ ಗ್ರೇ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ನಕ್ಷೆ ಬಿಡಿಸುವವರು. ವಾರಕ್ಕೊಂದು ರಾತ್ರಿ ನುಡಿಸಿದರೆ ಸಾಕು ಅನ್ನೋದು ಒಪ್ಪಂದ. ಬೆಥೆಸ್ಡಾದ ರೆಡ್ ಫಾಕ್ಸ್ ಇನ್‌ನಲ್ಲಿ ನುಡಿಸಿದರು, ಆಮೇಲೆ ಅಲೆಕ್ಸಾಂಡ್ರಿಯಾದ ಬರ್ಚ್‌ಮಿಯರ್ ಅನ್ನೋ ಸಂಗೀತದ ಜಾಗದಲ್ಲಿ, ಅಲ್ಲಿ ವರ್ಷಗಟ್ಟಲೆ ಗುರುವಾರ ಅಂದರೆ ಇವರದೇ. ನಮ್ಮ ಬೆಂಗಳೂರಲ್ಲಿ ಹಗಲು ಬ್ಯಾಂಕ್ ಕೌಂಟರಲ್ಲಿ ಕೂತು ಸಂಜೆ ರಾಮನವಮಿ ಪೆಂಡಾಲಲ್ಲಿ ಹಾಡುತ್ತಿದ್ದವರ ಹಾಗೇ, ಅಲ್ವಾ?

ಇವರಲ್ಲಿ ನನಗೆ ತುಂಬಾ ಇಷ್ಟ ಆಲ್ಡ್ರಿಜ್. ಇವರು ನುಡಿಸುತ್ತಿದ್ದದ್ದು ಡೋಬ್ರೊ, ಅಂದರೆ ತೊಡೆ ಮೇಲೆ ಮಲಗಿಸಿ ನುಡಿಸುವ ಗಿಟಾರ್. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳಿಗೆ ಉಗುರಿನಂಥ ಪಿಕ್‌ಗಳು. ತಂತಿಗಳು ಎಷ್ಟು ಎತ್ತರಕ್ಕೆ ಇರುತ್ತವೆ ಅಂದರೆ ಬೆರಳಲ್ಲಿ ಒತ್ತಿ ನುಡಿಸುವ ಪ್ರಶ್ನೆಯೇ ಇಲ್ಲ, ಉಕ್ಕು ಜಾರಿದಂತೆ ಸ್ವರವೂ ಜಾರುತ್ತದೆ. ನಮ್ಮ ಕಿವಿಗೆ ಅದು ಗಮಕವೇ. ಇವರಿಗಿಂತ ಮುಂಚೆ ಡೋಬ್ರೊದಲ್ಲಿ ಬಿರುಸು, ಚುರುಕು ಜಾಸ್ತಿ. ಇವರು ಸ್ವರವನ್ನು ನಿಲ್ಲಿಸಿ, ಅದು ತಾನಾಗಿ ಮುಗಿಯೋವರೆಗೂ ಕಾದು, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. 2012ರ ಡಿಸೆಂಬರ್ 29ರಂದು ಹೋದರು, 74ನೇ ಹುಟ್ಟುಹಬ್ಬಕ್ಕೆ ಒಂದೇ ದಿನ ಬಾಕಿ.

ಅದೇ ಬ್ಯಾಂಡಿನಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದ ಜಾನ್ ಡಫಿ ಸ್ವಭಾವ ಪೂರ್ತಿ ಉಲ್ಟಾ. ಮ್ಯಾಂಡೊಲಿನ್ ಅಂದ ಕೂಡಲೇ ನಮಗೆ ಯು. ಶ್ರೀನಿವಾಸ್ ಕಣ್ಣು ಮುಚ್ಚಿ ನುಡಿಸೋದು ನೆನಪಾಗುತ್ತದೆ. ಡಫಿ ದೊಡ್ಡ ಆಳು, ಗಿಡ್ಡ ಕ್ರಾಪು, ಕಣ್ಣು ಕುಕ್ಕುವ ಬಣ್ಣದ ಪ್ಯಾಂಟು, ಹಾಡಿನ ನಡುವೆ ಜೋಕು. ಅಪ್ಪ ಮೆಟ್ರೊಪಾಲಿಟನ್ ಒಪೆರಾದಲ್ಲಿ ಹಾಡಿದವರು, ಆ ಗಂಟಲು ಮಗನಿಗೂ ಬಂದಿತ್ತು. 1957ರ ಜುಲೈ 4ರಂದು ಇಲ್ಲೇ ಬೇಲೀಸ್ ಕ್ರಾಸ್‌ರೋಡ್ಸ್‌ನಲ್ಲಿ, ಬಜ್ ಬಸ್ಬಿಯ ಬ್ಯಾಂಡಿನವರು ಕಾರು ಅಪಘಾತದಲ್ಲಿ ಗಾಯಗೊಂಡಿದ್ದಾರೆ ಅಂತ ಬದಲಿಗೆ ನುಡಿಸಲು ಹೋದ ಗುಂಪೇ 'ಕಂಟ್ರಿ ಜಂಟಲ್‌ಮೆನ್' ಆಗಿ ನಿಂತಿತು, ಅದರಲ್ಲಿ ಡಫಿ ಇದ್ದರು. ಊರೂರು ಸುತ್ತಿ ಸಾಕಾಗಿ ಅದನ್ನು ಬಿಟ್ಟು, ಸೆಲ್ಡಮ್ ಸೀನ್ ಶುರುವಾಗೋ ಹೊತ್ತಿಗೆ ಆರ್ಲಿಂಗ್ಟನ್ನಿನಲ್ಲಿ ವಾದ್ಯ ರಿಪೇರಿ ಮಾಡಿಕೊಂಡಿದ್ದರು. ಬೇಲೀಸ್ ಕ್ರಾಸ್‌ರೋಡ್ಸ್‌ಗೆ ನಾವು ಹೋಗೋದು ಶಾಪಿಂಗಿಗೆ. 1996ರ ಡಿಸೆಂಬರಿನಲ್ಲಿ ಡಫಿ ಹೃದಯಾಘಾತದಿಂದ ತೀರಿಕೊಂಡರು. ಸ್ಟಾರ್ಲಿಂಗ್ 2019ರಲ್ಲಿ ಹೋದರು.

ಇಷ್ಟೂ ಬರೆದ ಮೇಲೆ ಬ್ಲೂಗ್ರಾಸ್ ಹಾಡುಗಾರ್ತಿ ಹೇಜಲ್ ಡಿಕೆನ್ಸ್ ನೆನಪಾಗಿ ಸ್ವಲ್ಪ ಇರುಸುಮುರುಸು. ಒಳ್ಳೇ ಸಂಬಳ ಬರುವಾಗ ವಾರಕ್ಕೊಮ್ಮೆ ಖುಷಿಗೆ ನುಡಿಸೋದು ಚೆಂದವೇ, ಆದರೆ ಹೇಜಲ್ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ಸೀಮೆಯ ಬಡ ಮನೆಯಿಂದ ಬಂದು ಬಾಲ್ಟಿಮೋರಿನ ಫ್ಯಾಕ್ಟರಿಗಳಲ್ಲಿ ದುಡಿದವರು. ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾಗಿ ಸತ್ತ ಅಣ್ಣನ ಮೇಲೆ ಹಾಡು ಕಟ್ಟಿದರು, ಗಣಿ ಕಾರ್ಮಿಕರ ಸಭೆಗಳಲ್ಲಿ ಹಾಡಿದರು. ಗಂಡಸರದೇ ಕಾರುಬಾರಾಗಿದ್ದ ಈ ಸಂಗೀತದಲ್ಲಿ ಆಲಿಸ್ ಜೆರಾರ್ಡ್ ಜೊತೆ ಸೇರಿ 1965ರಲ್ಲಿ ಆಲ್ಬಮ್ ತಂದರು. 2011ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲೇ ತೀರಿಕೊಂಡರು. ದನಿ ಒರಟು, ನೇರ. ಮೊದಲ ಸಲ ಕೇಳಿದವರು ಮುಖ ಸಿಂಡರಿಸಬಹುದು. ನನಗಂತೂ ಆಲ್ಡ್ರಿಜ್ ಡೋಬ್ರೊ ಕೇಳಿದ ಮೇಲೆ ಹೇಜಲ್ ಹಾಡು ಹಾಕಿಕೊಂಡರೇನೇ ಲೆಕ್ಕ ಸರಿಹೋಗೋದು.