ಕರುಣ್ ನಾಯರ್‌ಗೆ ಇನ್ನೊಂದು ಅವಕಾಶ ಕೊಡಬೇಕಿತ್ತಲ್ವಾ?

ಕರ್ನಾಟಕದ ಬ್ಯಾಟರ್ ಕರುಣ್‌ನನ್ನು 2025ರ ಇಂಗ್ಲೆಂಡ್ ಪ್ರವಾಸದ ನಂತರ ಟೆಸ್ಟ್ ತಂಡದಿಂದ ಕೈಬಿಟ್ಟ ಮೇಲೆ, ಕ್ರಿಕೆಟ್ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಮುನ್ನೂರು ಹೊಡೆದವನನ್ನು ಹಾಗೆ ಕೈಬಿಡೋದಾ? ಬಾಕ್ಸಿಂಗ್ ನೋಡುವವರಾದರೆ ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾರೆ: ಅಲ್ಲಿ ಸೋತವನಿಗೆ ರಿಮ್ಯಾಚ್ (ಅದೇ ಎದುರಾಳಿಯ ಜೊತೆ ಮರುಪಂದ್ಯ) ಆದರೂ ಸಿಗುತ್ತೆ, ಇಲ್ಲಿ ಅದೂ ಇಲ್ಲ.

ಕರುಣ್‌ಗೆ ಇನ್ನೊಂದು ಅವಕಾಶ ಸಿಕ್ಕಿತು. ಆದರೆ ಅದು ರಿಮ್ಯಾಚ್ ಆಗಿರಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಬಾಕ್ಸಿಂಗ್‌ನಲ್ಲಿ ರಿಮ್ಯಾಚ್ ಅನ್ನೋದು ಯಾರ ದಯೆಯೂ ಅಲ್ಲ. ಮೊದಲ ಪಂದ್ಯದ ಒಪ್ಪಂದದಲ್ಲೇ ಷರತ್ತು ಬರೆದಿರುತ್ತಾರೆ, ಸಾಮಾನ್ಯವಾಗಿ ದೊಡ್ಡ ಹೆಸರಿನವನ ಪರವಾಗಿ. 2001ರ ಏಪ್ರಿಲ್‌ನಲ್ಲಿ ಹಸೀಂ ರಹಮಾನ್ ದಕ್ಷಿಣ ಆಫ್ರಿಕಾದಲ್ಲಿ ಹೆವಿವೇಟ್ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ನನ್ನು ಐದನೇ ಸುತ್ತಿನಲ್ಲಿ ಮಲಗಿಸಿದ. ಆಮೇಲೆ ಬೇರೆ ದಾರಿ ಹಿಡಿಯಲು ನೋಡಿದ. ಲೂಯಿಸ್ ಕೋರ್ಟಿಗೆ ಹೋಗಿ ತನ್ನ ರಿಮ್ಯಾಚ್ ಪಡೆದುಕೊಂಡ. ನವೆಂಬರ್‌ನಲ್ಲಿ ನಾಲ್ಕನೇ ಸುತ್ತಿಗೆ ಲೆಕ್ಕ ಚುಕ್ತಾ. ಅದೇ ಎದುರಾಳಿ, ಅದೇ ಬೆಲ್ಟ್, ಏಳು ತಿಂಗಳ ಅಂತರ. ಹಾಗಾಗಿ ಏನು ಬದಲಾಯಿತು ಅಂತ ಸರಿಯಾಗಿ ಅಳೆಯಬಹುದು.

2019ರ ಆಂಥನಿ ಜೋಶುವಾ–ಆಂಡಿ ರೂಯಿಜ್ ಜೋಡಿ ಇದಕ್ಕಿಂತ ಒಳ್ಳೆಯ ಪಾಠ. ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಜೋಶುವಾ ನಾಲ್ಕು ಸಲ ನೆಲಕ್ಕೆ ಬಿದ್ದು ಏಳನೇ ಸುತ್ತಿನಲ್ಲಿ ಸೋತ. ಹತ್ತಿರ ನಿಂತು ಹೊಡೆದಾಟಕ್ಕೆ ಇಳಿದದ್ದೇ ತಪ್ಪು, ಯಾಕೆಂದರೆ ಕೈಯ ವೇಗ ರೂಯಿಜ್‌ನದು. ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಜೋಶುವಾ ಸುಮಾರು 10 ಪೌಂಡ್ ಇಳಿಸಿ ಬಂದ, ಹನ್ನೆರಡೂ ಸುತ್ತು ದೂರದಿಂದಲೇ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹಾಕಿ ಸರಿದಾಡಿದ. ರೂಯಿಜ್ 15 ಪೌಂಡ್ ಹೆಚ್ಚು ಹೊತ್ತುಕೊಂಡು ಬಂದು ಅವನ ಹಿಂದೆ ಓಡಲಾಗದೆ ಪಾಯಿಂಟ್ಸ್‌ನಲ್ಲಿ ಸೋತ. ನೋಡಲು ಸಪ್ಪೆ ಪಂದ್ಯ, ಒಪ್ಪುತ್ತೇನೆ. ಆದರೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ.

ಈಗ ಕರುಣ್. 2016ರ ಡಿಸೆಂಬರ್, ಚೆಪಾಕ್, ಇಂಗ್ಲೆಂಡ್ ವಿರುದ್ಧ ಐದನೇ ಕ್ರಮಾಂಕದಲ್ಲಿ ಔಟಾಗದೆ 303. ಅಜಿಂಕ್ಯ ರಹಾನೆ ಗಾಯಗೊಂಡಿದ್ದರಿಂದ ಸಿಕ್ಕಿದ್ದ ಜಾಗ ಅದು. ಮುಂದಿನ ಟೆಸ್ಟ್‌ಗೆ ರಹಾನೆ ವಾಪಸ್, ಕರುಣ್ ಹೊರಗೆ. 2017ರಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್: 26, 0, 23, 5. ಅಲ್ಲಿಗೆ ಮುಗಿಯಿತು. 2018ರಲ್ಲಿ ಇಂಗ್ಲೆಂಡ್‌ಗೆ ಕರೆದುಕೊಂಡು ಹೋದರು. ಓವಲ್‌ನಲ್ಲಿ ಜಾಗ ತೆರವಾದಾಗ ತಂಡದಲ್ಲೇ ಇದ್ದ ಕರುಣ್‌ನನ್ನು ಬಿಟ್ಟು ಹನುಮ ವಿಹಾರಿಗೆ ಕ್ಯಾಪ್ ಕೊಟ್ಟರು. ಎಂಟು ವರ್ಷದಲ್ಲಿ ನಿಜವಾಗಿ ಅನ್ಯಾಯ ಅನ್ನಬಹುದಾದದ್ದು ನನ್ನ ಪ್ರಕಾರ ಅದೊಂದೇ.

2024–25ರಲ್ಲಿ ವಿದರ್ಭಕ್ಕೆ ಆಡಿ ವಿಜಯ್ ಹಜಾರೆಯಲ್ಲಿ 779 ರನ್, ಸರಾಸರಿ 389.50. ಅಭಿಮಾನಿಗಳು ಎತ್ತಿ ಹಿಡಿಯುವ ಅಂಕಿ ಇದೇ, ಆದರೆ ಟೆಸ್ಟ್ ಆಯ್ಕೆಗೆ ಇದು ದುರ್ಬಲ ಸಾಕ್ಷಿ. 50 ಓವರ್ ಆಟದ ಬಿಳಿ ಚೆಂಡು ಕೆಲವೇ ಓವರ್ ಸ್ವಿಂಗ್ ಆಗುತ್ತದೆ, ಸ್ಲಿಪ್‌ಗಳೂ ಬೇಗ ಖಾಲಿಯಾಗುತ್ತವೆ. ತೂಕದ ಸಾಕ್ಷಿ ರಣಜಿಯ 863 ರನ್; ಅದರಲ್ಲೂ ಫೈನಲ್‌ನಲ್ಲಿ ಕೇರಳ ವಿರುದ್ಧದ 86 ಮತ್ತು 135. ಅದೂ ಭಾರತದಲ್ಲಿ ಬಳಸುವ ಎಸ್‌ಜಿ ಚೆಂಡಿನಲ್ಲಿ, ನಮ್ಮ ಪಿಚ್‌ಗಳಲ್ಲಿ.

ಪರೀಕ್ಷೆ ಇಟ್ಟದ್ದು ಎಲ್ಲಿ? 2025ರ ಇಂಗ್ಲೆಂಡ್‌ನಲ್ಲಿ, ಅಲ್ಲಿ ಬಳಸುವ ಡ್ಯೂಕ್ಸ್ ಚೆಂಡಿನ ಎದುರು. ಹೆಡಿಂಗ್ಲಿಯಲ್ಲಿ ಆರನೇ ಕ್ರಮಾಂಕ, ಎಜ್‌ಬಾಸ್ಟನ್ ಮತ್ತು ಲಾರ್ಡ್ಸ್‌ನಲ್ಲಿ ಮೂರು, ಓಲ್ಡ್ ಟ್ರಾಫರ್ಡ್‌ನಲ್ಲಿ ಹೊರಗೆ, ಓವಲ್‌ನಲ್ಲಿ ಐದು. ಎಂಟು ಇನಿಂಗ್ಸ್: 0, 20, 31, 26, 40, 14, 57, 17. ಒಟ್ಟು 205. ಒಮ್ಮೆ ಬಿಟ್ಟರೆ ಪ್ರತಿ ಸಲವೂ ಎರಡಂಕಿ ದಾಟಿದ್ದಾನೆ, ಅಂದರೆ ಕಣ್ಣಿಗೆ ಚೆಂಡು ಕಾಣುತ್ತಿತ್ತು. ಔಟಾದ ಬಗೆ ನೋಡಿ: ಎಜ್‌ಬಾಸ್ಟನ್‌ನಲ್ಲಿ ಇಂಗ್ಲೆಂಡ್ ವೇಗಿ ಕಾರ್ಸ್ ಎದ್ದೇಳಿಸಿದ ಚೆಂಡಿಗೆ ಸ್ಲಿಪ್‌ನಲ್ಲಿ ಕ್ಯಾಚ್, ಲಾರ್ಡ್ಸ್‌ನಲ್ಲಿ ಒಳಕ್ಕೆ ಬಂದ ಚೆಂಡನ್ನು ಬಿಡಲು ಹೋಗಿ ಎಲ್‌ಬಿಡಬ್ಲ್ಯು. ಆಫ್ ಸ್ಟಂಪ್ ಎಲ್ಲಿದೆ ಅನ್ನುವ ಅಂದಾಜು ತಪ್ಪಿದವರು ಔಟಾಗುವುದೇ ಹೀಗೆ. ಹೊಸ ಚೆಂಡಿನ ಮುಂದೆ, ಮೂರನೇ ಕ್ರಮಾಂಕದಲ್ಲಿ ಈ ದೋಷ ಬೇಗ ಹೊರಬೀಳುತ್ತದೆ; ಐದರಲ್ಲಿ ಚೆಂಡು ಸ್ವಲ್ಪ ಹಳತಾಗಿರುತ್ತದೆ. ಅವನ ಒಂದೇ ಅರ್ಧಶತಕ ಐದರಲ್ಲಿ ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಎಣಿಕೆ.

ಹಾಗಾದರೆ ಕೈಬಿಟ್ಟದ್ದು ಸರಿಯೇ? ವಿದೇಶ ಪ್ರವಾಸದ ತಂಡದಿಂದ ಕೈಬಿಟ್ಟಿದ್ದರೆ ಸರಿ ಅನ್ನುತ್ತಿದ್ದೆ. ಇಂಗ್ಲೆಂಡ್‌ನಲ್ಲಿ ಬಂದ ಅಂಕ ನೋಡಿ ವೆಸ್ಟ್ ಇಂಡೀಸ್ ವಿರುದ್ಧದ ಅಹಮದಾಬಾದ್, ದೆಹಲಿಯ ಟೆಸ್ಟ್‌ಗಳಿಂದ ತೆಗೆದದ್ದು ನನಗೆ ಹಿಡಿಸಲಿಲ್ಲ. ಲೂಯಿಸ್‌ಗೆ ಸಿಕ್ಕಂಥ ರಿಮ್ಯಾಚ್ ಕರುಣ್‌ಗೆ ಸಿಗುವುದಾಗಿದ್ದರೆ ಅದು ಇಲ್ಲಿ: ಸ್ವದೇಶದ ಪಿಚ್, ಐದನೇ ಕ್ರಮಾಂಕ, ಮುನ್ನೂರು ಬಂದ ಜಾಗ. 33 ವಯಸ್ಸಾಗಿತ್ತು, ಮುಂದಿನವರನ್ನು ನೋಡಬೇಕು ಅನ್ನುವ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಇಂಗ್ಲೆಂಡ್‌ನಲ್ಲಿ ಆಡಿಸಿದ ಜೂನ್‌ನಲ್ಲೂ ಆ ವಯಸ್ಸು ಅಷ್ಟೇ ಇತ್ತು.

ಕರುಣ್ ಬದಲು ತಂಡಕ್ಕೆ ಆಯ್ಕೆಯಾದ ದೇವದತ್ತ ಪಡಿಕ್ಕಲ್‌ನನ್ನು ಯಾಕೆ ಬೈಯಬೇಕು ಅನ್ನೋದೂ ನನಗೆ ಅರ್ಥವಾಗಿಲ್ಲ. ಆಗ ಅಜಿತ್ ಅಗರ್ಕರ್ ನೇತೃತ್ವದ ಆಯ್ಕೆ ಸಮಿತಿ ಆರಿಸಿದ್ದು ಹದಿನೈದು ಜನರ ತಂಡವನ್ನು. ಅದರಲ್ಲಿ ಹನ್ನೊಂದು ಯಾರು ಅನ್ನೋದು ನಾಯಕ ಮತ್ತು ಕೋಚ್ ಕೈಯಲ್ಲಿ. ವೆಸ್ಟ್ ಇಂಡೀಸ್ ವಿರುದ್ಧದ ಎರಡೂ ಟೆಸ್ಟ್‌ನಲ್ಲಿ ಮೂರನೇ ಕ್ರಮಾಂಕದಲ್ಲಿ ಆಡಿದ್ದು ಸಾಯಿ ಸುದರ್ಶನ್. ಕರುಣ್ ಬದಲಿಗೆ ಬಂದ ಅಂತ ಎಲ್ಲರೂ ಕೂಗಾಡಿದ ಪಡಿಕ್ಕಲ್ ಕೂತಿದ್ದು ಬೆಂಚಿನ ಮೇಲೆ.